ಗುರಾಣಿಗೆ ಹಚ್ಚಿದ ಬಣ್ಣ

ಮಡಿಕೇರಿ ಕೋಟೆಯೊಳಗೊಂದು ಇಗರ್ಜಿ.
ಪ್ರಾರ್ಥನೆ ನಿಂತು ಎಷ್ಟೋ ವರ್ಷವಾಯಿತು,
ಈಗ ಅಲ್ಲಿ ‘ಮುಟ್ಟಬೇಡಿ’ ಎಂಬ ಫಲಕ.
ಬಣ್ಣದ ಗಾಜಿನ ಕೆಳಗೆ ವೀರಗಲ್ಲುಗಳು
ಶೀತವಾದವರಂತೆ ಗೋಡೆಗೊರಗಿವೆ.
ಅದಕ್ಕೂ ಮೊದಲು ಇಲ್ಲೊಂದು ಗುಡಿಯಿತ್ತಂತೆ.

ಕೈಲ್‌ಪೊಳ್ದ್ ಕಳೆದು ಮೂರನೆಯ ದಿನ
ಪಿಯುಸಿಯ ನಲವತ್ತೆರಡು ಮಕ್ಕಳನ್ನು
ಗಾರೆಯಾನೆಗಳ ಪಕ್ಕ ಕೂರಿಸಿಕೊಂಡು
ಕಾನ್‌ಸ್ಟಂಟೈನನ ಪಾಠ ಮಾಡುತ್ತಿದ್ದೇನೆ.
ಐದು ಅಂಕಕ್ಕೆ ಐದು ಕಾರಣ, ಬರೆದುಕೊಳ್ಳಿ:
ಹರಿದ ಸಾಮ್ರಾಜ್ಯಕ್ಕೆ ಒಂದೇ ದಾರದ ಹೊಲಿಗೆ ಬೇಕಿತ್ತು.
ಊರೂರಲ್ಲಿ ಬಿಷಪ್ಪರಿದ್ದರು,
ಸಂಬಳ ಕೇಳದ ಅಮಲ್ದಾರರು.
ಹಳೆಯ ಗುಡಿಗಳ ನೆಲಮಾಳಿಗೆಯಲ್ಲಿ ಚಿನ್ನವಿತ್ತು.
ನಾಲ್ಕನೆಯದಕ್ಕೆ ಉದಾಹರಣೆ ದೂರ ಬೇಡ:
ಈ ಅರಮನೆಯಿಂದ ಆಳಿದವನೇ, ಗದ್ದುಗೆ ಹೋದ ಮೇಲೆ,
ಮಗಳನ್ನು ಹಡಗು ಹತ್ತಿಸಿ ಕರೆದೊಯ್ದ.
ಅಲ್ಲಿ ರಾಣಿಯ ಎದುರು ಅವಳ ಹೆಸರು ಬದಲಾಯಿತು.
ಕಳೆದ ಹಣ ಬಂದೀತೆಂಬ ಆಸೆ, ಅಂತಾರೆ.
ಬಂದದ್ದು ಹೆಸರು ಮಾತ್ರ.

ಐದನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ
ಮಂಜು ಇಳಿದು ಹಿಂದಿನ ಸಾಲನ್ನೇ ನುಂಗಿತು.
ಅದರೊಳಗಿಂದ ಸಫೂರಾಳ ದನಿ:
‘ಮತ್ತೆ ಕನಸು, ಮೇಡಂ?
ಆಕಾಶದಲ್ಲಿ ಕಂಡ ಗುರುತು? ಅದಕ್ಕೆಷ್ಟು ಅಂಕ?’
ಕನಸಿಗೆ ಅಂಕವಿಲ್ಲ, ಅಂದೆ.
ಅಂದ ಮೇಲೆ ನಾಲಗೆ ಯಾಕೋ ಒಗರು.
ಗೆದ್ದ ಮೇಲೂ ವರ್ಷಗಟ್ಟಲೆ
ಅವನ ನಾಣ್ಯದ ಮೇಲೆ ಸೂರ್ಯದೇವನೇ ಇದ್ದ,
ಎರಡೂ ದಡದಲ್ಲಿ ಒಂದೊಂದು ಕಾಲು,
ಎಂದೇನೋ ಸೇರಿಸಿದೆ.

ಬಾಗಿಲ ಬಳಿ ಸ್ಟೂಲಿನ ಮೇಲೆ
ಬೀಗದ ಗೊಂಚಲು ಹಿಡಿದಿದ್ದ ಕಾವಲಿನ ಬೆಳ್ಯಪ್ಪ,
ಹಿಂದೆ ಹವಾಲ್ದಾರ್,
ಕೆಮ್ಮಿ ಕೇಳಿದ: ‘ಅವನು ತಲೆಗೆ ನೀರು
ಹಾಕಿಸಿಕೊಂಡದ್ದು ಯಾವಾಗ?’
ಸಾಯುವ ಹಾಸಿಗೆಯಲ್ಲಿ.
‘ಬುದ್ಧಿವಂತ. ಕ್ಲಿಯರೆನ್ಸಿಗೆ ಸಹಿ ಹಾಕಿದರೆ
ಆಮೇಲೆ ಸ್ಟೋರಿಂದ ಏನೂ ತೆಗೆಯೋ ಹಾಗಿಲ್ಲ.’
ಮಕ್ಕಳು ನಕ್ಕವು. ನನಗೆ ನಗು ಬರಲಿಲ್ಲ.
ಅವನು ಮಗನನ್ನು ಕೊಲ್ಲಿಸಿದ್ದನ್ನು ನಾನು ಹೇಳಿರಲಿಲ್ಲ.
ಸಿಲಬಸ್ಸಿನಲ್ಲಿಲ್ಲ.

‘ಆ ಗುರುತನ್ನು ಗುರಾಣಿಗೆ ಬರೆದವರು?’
ಸಿಪಾಯಿಗಳು.
‘ರಾತ್ರೋರಾತ್ರಿ?’
ಹಾಗಂತಾರೆ.
‘ಬಣ್ಣ ಎಲ್ಲಿತ್ತು?’

ಇಪ್ಪತ್ತಾರು ವರ್ಷದ ಪಾಠದಲ್ಲಿ
ಬಣ್ಣದ ಲೆಕ್ಕ ಯಾರೂ ಕೇಳಿರಲಿಲ್ಲ.
ಟೈಬರ್ ಹೊಳೆಯ ಹತ್ತಿರವೆಲ್ಲೋ ಒಬ್ಬ,
ಮನೆಯಲ್ಲಿ ಬೇರೆಯೇ ದೇವರಿರುವವನು,
ಒಲೆಯ ಮಸಿಗೆ ಎಣ್ಣೆ ಕಲಸಿ
ಒಂದರ ಮೇಲೊಂದು ಗೆರೆ ಎಳೆಯುತ್ತಿದ್ದಾನೆ.
ಅದು ಅಕ್ಷರವೆಂದು ಅವನಿಗೆ ಗೊತ್ತಿಲ್ಲ.
ಪಕ್ಕದವನದನ್ನು ನೋಡಿ ಬರೆದದ್ದು, ಅವನದೂ ಓರೆ.
ತನ್ನೂರಿನ ಮರದಡಿಯ ದೇವರಿಗೆ
ತುಟಿಯೊಳಗೇ ತಪ್ಪಾಯಿತೆಂದು ಹೇಳಿ
ಬೆರಳನ್ನು ತೊಡೆಗೆ ಒರೆಸಿಕೊಳ್ಳುತ್ತಾನೆ.

ಬೆಳ್ಯಪ್ಪ ಮಂಜಿಗೆ ಹೇಳುತ್ತಿದ್ದ:
‘ಮೊನ್ನೆ ಐನ್‌ಮನೆಯಲ್ಲಿ ಕೋವಿಗೆ ತೋಕ್‌ಪೂ ಕಟ್ಟಿ ಬಂದೆ.
ದ್ರಾಸಿನಲ್ಲಿ ಹೂವೆಲ್ಲಿ?
ಕೈಲ್‌ಪೊಳ್ದ್ ಬರುವ ತನಕ ಇರ್ತೀವೋ ಇಲ್ವೋ ಅಂತ
ಜೂನಿನಲ್ಲೇ ಹಬ್ಬ ಮಾಡಿದೆವು.
ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಮಡಚಿ
ಬಂದೂಕಿಗೆ ಸಿಕ್ಕಿಸಿದ್ದು.
ನಾಗಾಲ್ಯಾಂಡಿನವನೊಬ್ಬ, ಕುತ್ತಿಗೆಯಲ್ಲಿ ಶಿಲುಬೆ,
ನೋಡಿ ತನಗೂ ಒಂದು ಮಾಡಿಸಿಕೊಂಡ.
ಯಾವ ದೇವರದ್ದು ಅಂತ ಕೇಳಲಿಲ್ಲ.
ಬೆಳಗಿನ ಜಾವ ಗುಡ್ಡ ಹತ್ತಬೇಕಿತ್ತು.’
ಅವನು ಇಳಿದು ಬಂದನೇ?
ಕೇಳಬೇಕಿತ್ತು. ಅಷ್ಟರಲ್ಲಿ ಬಸ್ಸಿನ ಹಾರ್ನ್.

ಕದ ಎಳೆದು ಬೀಗ ಹಾಕಿ
ಬೆಳ್ಯಪ್ಪ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ,
ಪಕ್ಕದಲ್ಲೇ ಫಲಕ.

ಮೇಕೇರಿಯ ತಿರುವಿನಲ್ಲಿ ಸಫೂರಾ
ನೋಟ್‌ಬುಕ್ ಮುಂದೆ ಹಿಡಿದಳು.
ನಾಲ್ಕು ಕಾರಣ ದುಂಡಗೆ.
ಐದರ ಎದುರು ಪೆನ್ಸಿಲಿನಲ್ಲಿ,
ಬಸ್ಸು ಕುಲುಕಿದ್ದಕ್ಕೋ ಏನೋ ಓರೆಯಾಗಿ:
‘ನಾಳೆ ಬೆಳಿಗ್ಗೆ’.

ಪರೀಕ್ಷೆಯಲ್ಲಿ ಹೀಗೆ ಬರೀಬೇಡ, ಅಂದೆ.
ಅಳಿಸು ಅನ್ನಲಿಲ್ಲ.